ಕೆಲಸ ಹೋದ ಮೇಲೆ ಕೈಗೆ ಬರಬೇಕಾದ ಹಣ, ಕೈಬಿಡಬಾರದ ಹುಡುಕಾಟ

ಕೆಲಸ ಹೋದ ಸುದ್ದಿಯನ್ನು ಮನೆಯಲ್ಲಿ ಹೇಳಲಾಗದೆ, ಮಾಮೂಲಿ ಹೊತ್ತಿಗೆ ಬ್ಯಾಗ್ ಹಾಕಿಕೊಂಡು ಹೊರಟು, ಸಂಜೆಯವರೆಗೆ ಎಲ್ಲೋ ಹೊತ್ತು ಕಳೆದು ಬರುವವರು ಈಗಲೂ ಇದ್ದಾರೆ. ಮದುವೆ ಮನೆಯಲ್ಲಿ ಯಾರಾದರೂ "ಈಗ ಎಲ್ಲಿ ಕೆಲಸ?" ಎಂದು ಕೇಳಿಬಿಟ್ಟರೆ ಎಂಬ ಅಂಜಿಕೆಗೆ ಮದುವೆಗೇ ಹೋಗದವರಿದ್ದಾರೆ. ಈ ಸಂಕೋಚ ಅರ್ಥವಾಗುವಂಥದ್ದೇ. ಆದರೆ ಅದು ಮನಸ್ಸಿನ ಜೊತೆಗೆ ದಿನಗಳನ್ನೂ ತಿನ್ನುತ್ತದೆ. ಎಚ್‌ಆರ್‌ಗೆ ಮೇಲ್ ಹಾಕಲು ಹಿಂಜರಿಕೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಚೇರಿಯ ಮೆಟ್ಟಿಲು ಹತ್ತಲು ಹಿಂಜರಿಕೆ, ಪಿಎಫ್ ಪೋರ್ಟಲ್ ತೆರೆಯಲೂ ಬೇಸರ. ಹೀಗೆ ಎರಡು ತಿಂಗಳು ಸರಿದ ಮೇಲೆ ಕೈಯಲ್ಲಿದ್ದ ಕಾಸು ಕರಗಿ ಆತುರ ಶುರುವಾಗುತ್ತದೆ. ಆತುರಕ್ಕೆ ಬಿದ್ದವರು ಸಿಕ್ಕ ಮೊದಲ ಕೆಲಸವನ್ನು ಕೊಟ್ಟಷ್ಟು ಸಂಬಳಕ್ಕೆ ಒಪ್ಪಿಕೊಳ್ಳುತ್ತಾರೆ, ಇಲ್ಲವೇ ಯಾವುದೋ ಮೋಸದ ಕರೆಗೆ ಬೀಳುತ್ತಾರೆ.

ಕೆಲಸ ಹುಡುಕುವಾಗ ಭರವಸೆ ಉಳಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಆ ಭರವಸೆ ಬಹುಮಟ್ಟಿಗೆ ಲೆಕ್ಕದಿಂದ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ. ಬಾಡಿಗೆ, ಇಎಂಐ, ಮಕ್ಕಳ ಫೀಸು ಸೇರಿ ಇನ್ನು ಐದು ತಿಂಗಳು ನಡೆಯುತ್ತದೆ ಎಂದು ಗೊತ್ತಿರುವವರು ಸಂದರ್ಶನದಲ್ಲಿ ಕೂರುವ ರೀತಿಯೇ ಬೇರೆ. ಆ ಐದು ತಿಂಗಳನ್ನು ಕಟ್ಟಿಕೊಳ್ಳುವುದು ಹೇಗೆ ಎನ್ನುವುದೇ ಮೊದಲ ಪ್ರಶ್ನೆ.

ನಿರುದ್ಯೋಗ ಭತ್ಯೆಗೆಂದು ನಮ್ಮ ದೇಶದಲ್ಲಿ ಒಂದೇ ಕಚೇರಿ, ಒಂದೇ ಅರ್ಜಿ ಇಲ್ಲ. ಬರಬೇಕಾದ ಹಣ ನಾಲ್ಕೈದು ಕಡೆ ಹಂಚಿಹೋಗಿರುತ್ತದೆ: ಹಳೆಯ ಕಂಪನಿಯ ಬಳಿ ಒಂದಷ್ಟು, ಇಎಸ್‌ಐನಲ್ಲಿ ಒಂದಷ್ಟು, ಪಿಎಫ್ ಖಾತೆಯಲ್ಲಿ ಒಂದಷ್ಟು. ಒಂದೊಂದಕ್ಕೂ ಬೇರೆ ಅರ್ಹತೆ, ಬೇರೆ ಗಡುವು. ಇದರಲ್ಲಿ ಬಹುಪಾಲು ನಿಮ್ಮ ಸಂಬಳದಲ್ಲೇ ಮುರಿದುಕೊಂಡದ್ದು, ಅಥವಾ ನೀವು ದುಡಿದದ್ದಕ್ಕೆ ಕಂಪನಿ ಕಟ್ಟಿದ್ದು. ಹಾಗಾಗಿ ಕೇಳುವಾಗ ದನಿ ತಗ್ಗಿಸಬೇಕಾದ ಕಾರಣವಿಲ್ಲ.

ಮೊದಲು ಕಂಪನಿಯ ಬಾಕಿ. ಕೆಲಸದಿಂದ ತೆಗೆಯುವಾಗ ಎಷ್ಟೋ ಕಡೆ "ನೀವೇ ರಾಜೀನಾಮೆ ಕೊಟ್ಟುಬಿಡಿ, ಮುಂದೆ ಒಳ್ಳೆಯದು" ಎಂದು ಒಂದು ಕಾಗದ ಮುಂದಿಡುತ್ತಾರೆ. ಸಹಿ ಹಾಕುವ ಮುನ್ನ ಒಂದು ರಾತ್ರಿ ಸಮಯ ಕೇಳಿ. ರಾಜೀನಾಮೆ ಎಂದಾದರೆ ಕೆಲಸ ಕಡಿತದ ಪರಿಹಾರ ಕೇಳುವ ಹಕ್ಕು ಅಲ್ಲಿಗೆ ಮುಗಿಯಿತು. ಕೆಲಸ ಕಡಿತ ಎಂದಾದರೆ, ಕಾನೂನಿನ ಪ್ರಕಾರ ಕಾರ್ಮಿಕರ ವ್ಯಾಖ್ಯೆಯೊಳಗೆ ಬರುವವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ, ಜೊತೆಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಿಗಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಇನ್ನೊಂದು ಅಂಶ ಸೇರಿದೆ: ಕಡಿತಕ್ಕೊಳಗಾದ ಕಾರ್ಮಿಕರ ಮರುಕೌಶಲ ನಿಧಿಗೆ ಮಾಲೀಕರು 15 ದಿನಗಳ ವೇತನ ಕಟ್ಟಬೇಕು, ಆ ಹಣ 45 ದಿನಗಳೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ವ್ಯವಸ್ಥಾಪಕ ಹುದ್ದೆಯವರು ಈ ವ್ಯಾಖ್ಯೆಯಿಂದ ಹೊರಗೆ. ಮೇಲ್ವಿಚಾರಕರಾಗಿ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರೂ ಹೊರಗೆ. ಅಂಥವರು ತಮ್ಮ ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿಯ ಬಗ್ಗೆ ಏನು ಬರೆದಿದೆ ಎಂಬುದನ್ನೇ ಹಿಡಿಯಬೇಕು.

ಬಾಕಿ ಸಂಬಳದ ವಿಷಯದಲ್ಲಿ ವೇತನ ಸಂಹಿತೆ ಸ್ಪಷ್ಟವಾಗಿದೆ. ತೆಗೆದುಹಾಕಿದರೂ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳೊಳಗೆ ವೇತನ ಪಾವತಿಸಬೇಕು. "ಫುಲ್ ಅಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) 45 ದಿನ ಆಗುತ್ತೆ" ಎಂಬ ಹಳೆಯ ರೂಢಿಯ ಮಾತು ಕೇಳಿಬಂದರೆ, ಈ ನಿಯಮವನ್ನು ಉಲ್ಲೇಖಿಸಿ ಒಂದು ಸೌಮ್ಯವಾದ ಮೇಲ್ ಹಾಕಿ. ಫೋನಿನಲ್ಲಿ ಮಾತಾಡಿದ್ದು ದಾಖಲೆಯಾಗುವುದಿಲ್ಲ. ಆಫೀಸಿನ ಮೇಲ್ ಖಾತೆ ಮುಚ್ಚುವ ಮುಂಚೆಯೇ ಪೇ ಸ್ಲಿಪ್‌ಗಳು, ನೇಮಕಾತಿ ಪತ್ರ, ಸಂಬಳ ಪರಿಷ್ಕರಣೆಯ ಪತ್ರಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡಿರಬೇಕು. ಕಂಪನಿಯ ಕೆಲಸದ ಕಡತಗಳನ್ನು ಮಾತ್ರ ಮುಟ್ಟಬೇಡಿ, ಅದು ಬೇರೆಯದೇ ತಕರಾರಿಗೆ ದಾರಿ.

ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕಂಪನಿ ಕೊಡುವ ಇಡಿಗಂಟು ಇದೆ. ನಿಗದಿತ ಅವಧಿಯ ಗುತ್ತಿಗೆಯವರಿಗೆ ಈಗ ಒಂದು ವರ್ಷ ಸಾಕು. ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳು ದಾಟಿದ್ದರೆ ಅದು ಪೂರ್ತಿ ವರ್ಷವೆಂದೇ ಲೆಕ್ಕ. ಲೆಕ್ಕಕ್ಕೆ ಬರುವ ವೇತನ 20,000 ರೂಪಾಯಿ, ಸೇವೆ ಏಳು ವರ್ಷ ಏಳು ತಿಂಗಳು ಎಂದಿಟ್ಟುಕೊಳ್ಳಿ: ಎಂಟು ವರ್ಷಕ್ಕೆ ಸುಮಾರು 92,300 ರೂಪಾಯಿ. ಕಂಪನಿ ಕೊಟ್ಟ ಮೊತ್ತ ಇದಕ್ಕಿಂತ ಕಡಿಮೆ ಇದ್ದರೆ ಎಷ್ಟು ವರ್ಷ ಎಂದು ಲೆಕ್ಕ ಹಿಡಿದಿದ್ದಾರೆ ಎಂಬುದನ್ನು ಮೊದಲು ನೋಡಿ. ಬಹುತೇಕ ವ್ಯತ್ಯಾಸ ಅಲ್ಲೇ ಇರುತ್ತದೆ.

ಈಗ ಇಎಸ್‌ಐ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ, ಅಂಗವಿಕಲರಿಗೆ 25,000ದವರೆಗೆ, ಈ ವಿಮೆ ಅನ್ವಯ. ಸಂಬಳದಿಂದ ಶೇ 0.75 ಮುರಿಯುತ್ತಾರೆ, ಮಾಲೀಕರು ಶೇ 3.25 ಕಟ್ಟುತ್ತಾರೆ. ಇಎಸ್‌ಐ ಎಂದರೆ ಆಸ್ಪತ್ರೆ ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ಕೆಲಸ ಹೋದವರಿಗೆಂದೇ ಅದರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಶುರುವಾದಾಗ ಸರಾಸರಿ ದಿನಗೂಲಿಯ ಶೇ 25 ಕೊಡುತ್ತಿದ್ದರು, ಕೋವಿಡ್ ಬಂದ 2020ರಲ್ಲಿ ಅದನ್ನು ಶೇ 50ಕ್ಕೆ ಏರಿಸಿದರು. ಗರಿಷ್ಠ 90 ದಿನ, ಜೀವನದಲ್ಲಿ ಒಮ್ಮೆ ಮಾತ್ರ. ಇದು ಕಾಲಮಿತಿಯ ಯೋಜನೆ, ಆಗಾಗ ಅವಧಿ ವಿಸ್ತರಿಸುತ್ತಾ ಬಂದಿದ್ದಾರೆ. ಆದ್ದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿದೆಯೇ ಎಂದು ಪೋರ್ಟಲ್‌ನಲ್ಲೋ ಶಾಖಾ ಕಚೇರಿಯಲ್ಲೋ ಮೊದಲು ಖಚಿತಪಡಿಸಿಕೊಳ್ಳಿ.

ಅರ್ಹತೆಯ ಲೆಕ್ಕ ಸ್ವಲ್ಪ ತೊಡಕಿನದು. ಇಎಸ್‌ಐ ವರ್ಷವನ್ನು ಎರಡು ವಂತಿಗೆ (ಸಂಬಳದ ಮೇಲೆ ಕಟ್ಟುವ ವಿಮಾ ಪಾಲು) ಅವಧಿಗಳಾಗಿ ಒಡೆಯುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮುನ್ನ ಎರಡು ವರ್ಷ ವಿಮೆಯಡಿ ದುಡಿದಿರಬೇಕು. ಕೆಲಸ ಹೋಗುವುದಕ್ಕೆ ತೀರಾ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಇರಬೇಕು. ದುರ್ನಡತೆಗಾಗಿ ತೆಗೆದಿದ್ದರೆ, ನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಆಗಿದ್ದರೆ ಸಿಗುವುದಿಲ್ಲ. ಕೆಲಸ ಹೋಗಿ 30 ದಿನ ಕಳೆದ ಮೇಲೆ, ಕಂಪನಿಯ ಮುಖಾಂತರ ಹೋಗಬೇಕಾದ ಅಗತ್ಯವಿಲ್ಲದೆ, ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಹಿಂದೆ ಕೇಳುತ್ತಿದ್ದ ಛಾಪಾ ಕಾಗದದ ಪ್ರಮಾಣಪತ್ರವನ್ನು 2020ರಲ್ಲೇ ಕೈಬಿಟ್ಟಿದ್ದಾರೆ. ಆಧಾರ್ ಮತ್ತು ಬ್ಯಾಂಕ್ ವಿವರ ಇಎಸ್‌ಐ ದಾಖಲೆಯಲ್ಲಿ ಜೋಡಣೆಯಾಗಿರಬೇಕು, ಪ್ರತಿಗಳನ್ನು ಅಪ್‌ಲೋಡ್ ಮಾಡಬೇಕು.

ಮೊತ್ತ ಎಷ್ಟು? ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಸಂಪಾದನೆಯನ್ನು 730ರಿಂದ ಭಾಗಿಸುತ್ತಾರೆ. ಎರಡು ವರ್ಷ ತಪ್ಪದೆ ತಿಂಗಳಿಗೆ 18,000 ಪಡೆದವರ ಒಟ್ಟು ಸಂಪಾದನೆ 4,32,000. ಭಾಗಿಸಿದರೆ ದಿನಕ್ಕೆ ಸುಮಾರು 592, ಅರ್ಧ 296. ತೊಂಬತ್ತು ದಿನಕ್ಕೆ 26,600 ರೂಪಾಯಿಯ ಆಸುಪಾಸು. ದೊಡ್ಡ ಮೊತ್ತವೇನಲ್ಲ. ಆದರೆ ಮೂರು ತಿಂಗಳ ಬಾಡಿಗೆಯೋ ರೇಷನ್ನೋ ಅದರಲ್ಲಿ ದಾಟುತ್ತದೆ. ನಡುವೆ ಕೆಲಸವಿಲ್ಲದ ತಿಂಗಳುಗಳಿದ್ದರೂ ಭಾಗಿಸುವುದು 730ರಿಂದಲೇ, ಆಗ ಮೊತ್ತ ಕುಗ್ಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ಇಲ್ಲಿ ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಮಾಲೀಕರು ತಿಂಗಳ ವಂತಿಗೆ ತುಂಬುವಾಗ, ನೀವು ಹಾಜರಿಲ್ಲದ ತಿಂಗಳಿಗೆ ಒಂದು ಕಾರಣ ಆರಿಸಬೇಕಾಗುತ್ತದೆ. ಅವಸರದಲ್ಲಿ "ರಜೆಯಲ್ಲಿದ್ದಾರೆ" ಎಂದು ಆರಿಸಿಬಿಟ್ಟಿದ್ದರೆ, ದಾಖಲೆಯ ಪ್ರಕಾರ ನೀವಿನ್ನೂ ಕೆಲಸದಲ್ಲೇ ಇದ್ದೀರಿ. ಕೊನೆಯ ಕೆಲಸದ ದಿನ ಮತ್ತು ಸರಿಯಾದ ಕಾರಣ ನಮೂದಾಗಿದೆಯೇ ಎಂದು ವಿಮಾದಾರರ ಲಾಗಿನ್‌ನಲ್ಲಿ ನೋಡಿ, ತಪ್ಪಿದ್ದರೆ ಕಂಪನಿಗೂ ಶಾಖಾ ಕಚೇರಿಗೂ ಒಟ್ಟಿಗೇ ಬರೆಯಿರಿ.

ಕಾರ್ಖಾನೆಯೇ ಮುಚ್ಚಿದ್ದರೆ ಅಥವಾ ಕಾನೂನಿನ ಅರ್ಥದಲ್ಲಿ ಕಡಿತವಾಗಿದ್ದರೆ 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನೂ ವಿಚಾರಿಸಲೇಬೇಕು. ಅದರ ಅವಧಿ 24 ತಿಂಗಳು: ಮೊದಲ ವರ್ಷ ವೇತನದ ಶೇ 50, ಎರಡನೇ ವರ್ಷ ಶೇ 25. ಮೇಲಿನ ಯೋಜನೆಗಿಂತ ಎಷ್ಟೋ ಪಾಲು ಹೆಚ್ಚು, ಕೇಳುವವರು ಮಾತ್ರ ಕಡಿಮೆ. ಕೆಲಸ ಹೋದ ಮರುದಿನವೇ ಇಎಸ್‌ಐ ಚಿಕಿತ್ಸೆ ನಿಂತುಹೋಗುತ್ತದೆ ಎಂಬ ತಿಳಿವಳಿಕೆಯೂ ತಪ್ಪು. ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿದ್ದರೆ ಅದರ ಸೌಲಭ್ಯದ ಅವಧಿ ಮರುವರ್ಷದ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್–ಮಾರ್ಚ್‌ನದಕ್ಕೆ ಜುಲೈಯಿಂದ ಡಿಸೆಂಬರ್. ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವ ಹಿರಿಯರಿದ್ದರೆ ಈ ಒಂದು ಮಾಹಿತಿ ಸಾವಿರಾರು ರೂಪಾಯಿ ಉಳಿಸುತ್ತದೆ. ಇಎಸ್‌ಐ ಮಿತಿ ದಾಟಿದವರಿಗೆ ಇದಾವುದೂ ಇಲ್ಲ. ಅವರು ಕಂಪನಿಯ ಗುಂಪು ವಿಮೆಯನ್ನು ವೈಯಕ್ತಿಕ ಪಾಲಿಸಿಯಾಗಿ ಬದಲಿಸಿಕೊಳ್ಳುವ ಬಗ್ಗೆ ಕೊನೆಯ ದಿನಕ್ಕೆ ಮುಂಚೆಯೇ ವಿಮಾ ಕಂಪನಿಯನ್ನು ಕೇಳಬೇಕು.

ಪಿಎಫ್ ವಿಷಯಕ್ಕೆ ಬಂದರೆ, ಮೊದಲು ಹೇಳಬೇಕಾದದ್ದು: ಅವಸರಪಟ್ಟು ಪೂರ್ತಿ ತೆಗೆಯಬೇಡಿ. ಕೆಲಸ ಬಿಟ್ಟ ಮೇಲೂ ಖಾತೆಗೆ ಬಡ್ಡಿ ಬರುತ್ತಲೇ ಇರುತ್ತದೆ, ಆ ಬಡ್ಡಿಗೆ ತೆರಿಗೆ ಇದೆ ಅಷ್ಟೇ. ಹಳೆಯ ನಿಯಮದಲ್ಲಿ ಒಂದು ತಿಂಗಳು ನಿರುದ್ಯೋಗವಾದರೆ ಶೇ 75, ಎರಡು ತಿಂಗಳಾದರೆ ಉಳಿದದ್ದು ಎಂದಿತ್ತು. 2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರ ಟ್ರಸ್ಟಿಗಳ ಮಂಡಳಿ ಇದನ್ನು ಬದಲಿಸುವ ತೀರ್ಮಾನ ಮಾಡಿತು: ಕೆಲಸ ಹೋದ ಕೂಡಲೇ ಶೇ 75 ತೆಗೆಯಬಹುದು, ಉಳಿದ ಶೇ 25ಕ್ಕೆ 12 ತಿಂಗಳು ಕಾಯಬೇಕು, ಪಿಂಚಣಿ ಭಾಗದ ಹಣಕ್ಕೆ 36 ತಿಂಗಳು. ಕ್ಲೇಮ್ ಹಾಕುವ ದಿನ ಪೋರ್ಟಲ್ ಯಾವ ಆಯ್ಕೆ ತೋರಿಸುತ್ತದೋ ಅದನ್ನೇ ಆಧಾರವಾಗಿಟ್ಟುಕೊಳ್ಳಿ. ಹಳೆಯ ವಿಡಿಯೊ ನೋಡಿ ಲೆಕ್ಕ ಹಾಕಿದರೆ ನಿರಾಸೆಯಾದೀತು.

ಪಿಂಚಣಿ ಭಾಗವನ್ನು ಮುಟ್ಟುವ ಮುನ್ನ ಇನ್ನೂ ಒಮ್ಮೆ ಯೋಚಿಸಿ. ಒಟ್ಟು ಹತ್ತು ವರ್ಷ ಸೇವೆ ಆದವರಿಗೆ ಪಿಂಚಣಿಯ ಹಕ್ಕು ಬರುತ್ತದೆ. ಏಳು ವರ್ಷ ದುಡಿದವರು 10ಸಿ ಅರ್ಜಿ ಹಾಕಿ ಹಣ ತೆಗೆದರೆ ಆ ಏಳು ವರ್ಷ ಅಳಿಸಿಹೋಗಿ, ಮುಂದಿನ ಕೆಲಸದಲ್ಲಿ ಸೊನ್ನೆಯಿಂದ ಎಣಿಕೆ. ಅದೇ 10ಸಿ ಅರ್ಜಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ಸೇವೆ ಉಳಿಯುತ್ತದೆ. ತೆರಿಗೆಯದೂ ಒಂದು ಮಾತಿದೆ. ಐದು ವರ್ಷಕ್ಕಿಂತ ಕಡಿಮೆ ಸೇವೆ ಇದ್ದು 50,000 ರೂಪಾಯಿಗಿಂತ ಹೆಚ್ಚು ತೆಗೆದರೆ ಪ್ಯಾನ್ ಇದ್ದವರಿಗೆ ಶೇ 10 ಕಡಿತವಾಗುತ್ತದೆ. ಆ ಐದು ವರ್ಷಕ್ಕೆ ಹಿಂದಿನ ಕಂಪನಿಯಿಂದ ವರ್ಗಾಯಿಸಿಕೊಂಡ ಸೇವೆಯೂ ಸೇರುತ್ತದೆ. ಕಂಪನಿ ಮುಚ್ಚಿದ್ದರಿಂದ ಅಥವಾ ಅನಾರೋಗ್ಯದಿಂದ ಕೆಲಸ ಹೋಗಿದ್ದರೆ ತೆರಿಗೆ ವಿನಾಯಿತಿಯೂ ಇದೆ.

ಕ್ಲೇಮ್ ತಿರಸ್ಕಾರವಾಗುವುದಕ್ಕೆ ದೊಡ್ಡ ಕಾರಣಗಳೇ ಬೇಕಿಲ್ಲ. ನಮ್ಮ ಕಡೆ ಹೆಸರಿನದೇ ದೊಡ್ಡ ತಾಪತ್ರಯ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಹೆಸರಿನ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಮನುಷ್ಯರ ಕಣ್ಣಿಗೆ ಅದು ಒಂದೇ ಹೆಸರು, ಕಂಪ್ಯೂಟರಿಗೆ ನಾಲ್ಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜೂನ್ 1 ಒಂದು ಕಡೆ, ನಿಜವಾದ ಜನ್ಮದಿನ ಇನ್ನೊಂದು ಕಡೆ. ಕೆಲಸದಲ್ಲಿರುವಾಗಲೇ ಆಧಾರ್‌ಗೆ ಸರಿಯಾಗಿ ಎಲ್ಲವನ್ನೂ ಹೊಂದಿಸಿಕೊಂಡಿದ್ದರೆ ಒಳ್ಳೆಯದು. ಇಲ್ಲದಿದ್ದರೂ ಈಗ ದಾರಿ ಸಲೀಸಾಗಿದೆ: 2017ರ ಅಕ್ಟೋಬರ್ 1ರ ನಂತರ ಪಡೆದ, ಆಧಾರ್ ದೃಢೀಕರಣವಾಗಿರುವ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಆಗಿದ್ದರೆ ಹೆಸರು, ಜನ್ಮದಿನಾಂಕದಂಥ ವಿವರಗಳನ್ನು ಕಂಪನಿಯ ಒಪ್ಪಿಗೆ ಇಲ್ಲದೆಯೇ ಸದಸ್ಯರು ತಿದ್ದಬಹುದು. 2025ರ ಜನವರಿಯಿಂದ ಈ ಅನುಕೂಲ ಬಂದಿದೆ. ಚೆಕ್ ಅಥವಾ ಪಾಸ್‌ಬುಕ್‌ನ ಫೋಟೊ ಹಾಕಬೇಕೆಂಬ ಷರತ್ತೂ ಅದೇ ವರ್ಷದ ಏಪ್ರಿಲ್‌ನಲ್ಲಿ ಹೋಯಿತು. ಮಬ್ಬು ಫೋಟೊದಿಂದಲೇ ಎಷ್ಟು ಕ್ಲೇಮ್ ಬಿದ್ದುಹೋಗುತ್ತಿದ್ದವೋ!

ಇನ್ನೊಂದು ಅಡ್ಡಿ, ಕೆಲಸ ಬಿಟ್ಟ ದಿನಾಂಕ. ಸೇವಾ ಇತಿಹಾಸದ ಪುಟದಲ್ಲಿ ಆ ಅಂಕಣ ಖಾಲಿ ಇದ್ದರೆ ಪೂರ್ತಿ ಇತ್ಯರ್ಥದ ಅರ್ಜಿಯೇ ತೆರೆಯುವುದಿಲ್ಲ. ಕಂಪನಿ ತುಂಬದಿದ್ದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಪೋರ್ಟಲ್‌ನ "ಮ್ಯಾನೇಜ್" ವಿಭಾಗದ "ಮಾರ್ಕ್ ಎಕ್ಸಿಟ್"ನಲ್ಲಿ ನೀವೇ ತುಂಬಬಹುದು. ಕೊನೆಯ ವಂತಿಗೆ ಬಂದ ತಿಂಗಳೊಳಗಿನ ದಿನಾಂಕವನ್ನೇ ಹಾಕಬೇಕು. ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಟುಕೊಂಡು ಅಲ್ಲಿರುವ ದಿನಾಂಕವನ್ನೇ ಹಾಕಿ, ಹೊಸ ಕೆಲಸದ ದಿನಾಂಕದೊಂದಿಗೆ ಒಂದು ದಿನ ಮೇಲೆಬಿದ್ದರೂ ಮುಂದೆ ವರ್ಗಾವಣೆಗೆ ತೊಡಕು. ಆನ್‌ಲೈನ್‌ನಲ್ಲಿ ಬಗೆಹರಿಯದ ಸಮಸ್ಯೆಗೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ "ನಿಧಿ ಆಪ್ಕೆ ನಿಕಟ್" ಶಿಬಿರಕ್ಕೆ ಹೋಗಿ. ಈ ಸೇವೆಗಳಿಗೆ ಪಿಎಫ್ ಸಂಸ್ಥೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಕಮಿಷನ್ ಕೇಳುವ ಏಜೆಂಟರು ಖಾತೆಗೆ ತಮ್ಮ ಮೊಬೈಲ್ ನಂಬರ್ ಜೋಡಿಸಿಬಿಟ್ಟರೆ ಒಟಿಪಿ ಅವರ ಕೈಗೆ ಹೋಗುತ್ತದೆ.

ಓದು ಮುಗಿಸಿಯೂ ಕೆಲಸವೇ ಸಿಗದ ಕರ್ನಾಟಕದ ಹುಡುಗ ಹುಡುಗಿಯರಿಗೆ ಯುವನಿಧಿ ಇದೆ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಉತ್ತೀರ್ಣರಾಗಿ 180 ದಿನ ಕಳೆದಿರಬೇಕು, ಮುಂದೆ ಓದುತ್ತಿರಬಾರದು. ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಒಮ್ಮೆ ಅರ್ಜಿ ಹಾಕಿ ಮರೆತರೆ ಹಣ ನಿಲ್ಲುತ್ತದೆ, ಇನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಕೊಡುತ್ತಲೇ ಇರಬೇಕು. ಪದವಿ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯ ಡಿಜಿಲಾಕರ್‌ನ ಶೈಕ್ಷಣಿಕ ಭಂಡಾರಕ್ಕೆ ಏರಿಸಿರದಿದ್ದರೆ ಪರಿಶೀಲನೆ ಅಲ್ಲೇ ನಿಲ್ಲುತ್ತದೆ. ಆಗ ಹೋಗಬೇಕಾದ್ದು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ. "ಮಂಜೂರಾಗಿದೆ, ಹಣ ಬಂದಿಲ್ಲ" ಎನ್ನುವವರು ಆಧಾರ್ ಪೋರ್ಟಲ್‌ನಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬೇಕು. ನೇರ ವರ್ಗಾವಣೆಯ ಹಣ ನೀವು ದಿನವೂ ಬಳಸುವ ಖಾತೆಗೇ ಬರುತ್ತದೆ ಎಂದೇನಿಲ್ಲ, ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತ ಖಾತೆಯಲ್ಲಿ ಅದು ಕೂತಿರಬಹುದು.

ಇಷ್ಟನ್ನೂ ವಾರದಲ್ಲಿ ಎರಡು ಬೆಳಗಿಗೆ ಮೀಸಲಿಡಿ. ಅರ್ಜಿ ಸಂಖ್ಯೆ, ದಿನಾಂಕ, ಯಾರ ಜೊತೆ ಮಾತಾಡಿದಿರಿ, ಏನೆಂದರು ಎಂಬುದನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಕ್ಕೆ ಹತ್ತು ಸಲ ಕ್ಲೇಮ್ ಸ್ಟೇಟಸ್ ನೋಡುವುದರಿಂದ ಹಣ ಬೇಗ ಬರುವುದಿಲ್ಲ, ಮನಸ್ಸು ಮಾತ್ರ ದಣಿಯುತ್ತದೆ. ಉಳಿದ ದಿನಗಳು ಹುಡುಕಾಟಕ್ಕೆ.

ಹುಡುಕಾಟದಲ್ಲಿ ಮನಸ್ಸು ಮುರಿಯುವುದು ನಿರಾಕರಣೆಗಿಂತ ಹೆಚ್ಚಾಗಿ ಮೌನದಿಂದ. ನೂರು ಕಡೆ ಒಂದೇ ರೆಸ್ಯೂಮೆ ಎಸೆದು ಒಂದೂ ಉತ್ತರ ಬಾರದಿದ್ದಾಗ ತಪ್ಪು ತನ್ನದೇ ಎನಿಸುತ್ತದೆ. ದಿನಕ್ಕೆ ಮೂರೋ ನಾಲ್ಕೋ ಅರ್ಜಿ ಸಾಕು, ಆದರೆ ಒಂದೊಂದೂ ಆ ಹುದ್ದೆಗೆಂದೇ ತಿದ್ದಿದ್ದಾಗಿರಲಿ. ಜಾಹೀರಾತಿನಲ್ಲಿ ಕೇಳಿದ ಕೌಶಲ ನಿಮ್ಮಲ್ಲಿದ್ದರೆ ಅವರು ಬಳಸಿದ ಪದದಲ್ಲೇ ಅದನ್ನು ಬರೆಯಿರಿ, ಮೊದಲ ಸೋಸುವಿಕೆ ಎಷ್ಟೋ ಕಡೆ ಸಾಫ್ಟ್‌ವೇರ್ ಮಾಡುತ್ತದೆ. ಕೋಷ್ಟಕ, ಚಿತ್ರ, ಎರಡು ಕಾಲಂ ವಿನ್ಯಾಸ ಅದಕ್ಕೆ ಓದಲು ಬರದೆ ಹೋಗಬಹುದು. ಅರ್ಜಿ ಹಾಕಿ ವಾರವಾದ ಮೇಲೆ ಒಂದು ಚಿಕ್ಕ ವಿಚಾರಣೆ, ಇನ್ನೊಂದು ವಾರಕ್ಕೆ ಮತ್ತೊಂದು, ಅಲ್ಲಿಗೆ ಆ ಸಾಲನ್ನು ಮುಚ್ಚಿ. ಅರ್ಜಿಗಳಿಗೆ ಕರೆಯೇ ಬರುತ್ತಿಲ್ಲ ಎಂದರೆ ತಿದ್ದಬೇಕಾದ್ದು ರೆಸ್ಯೂಮೆ. ಕರೆ ಬಂದು ಮೊದಲ ಸುತ್ತಿನಲ್ಲೇ ನಿಲ್ಲುತ್ತಿದೆ ಎಂದರೆ ತಯಾರಿ. ಕೊನೆಯ ಸುತ್ತಿನವರೆಗೆ ಹೋಗಿ ತಪ್ಪುತ್ತಿದೆ ಎಂದರೆ ನೀವು ಹತ್ತಿರದಲ್ಲೇ ಇದ್ದೀರಿ, ಬಹುಶಃ ಸಂಬಳದ ಮಾತಿನಲ್ಲಿ ಹೊಂದಿಕೆಯಾಗುತ್ತಿಲ್ಲ. ಎಲ್ಲಿ ನಿಲ್ಲುತ್ತಿದೆ ಎಂದು ತಿಳಿದರೆ ಕೈಗೆ ಒಂದು ಕೆಲಸ ಸಿಗುತ್ತದೆ, ಸುಮ್ಮನೆ ಕೊರಗುವುದು ತಪ್ಪುತ್ತದೆ.

ಪರಿಚಯದವರಿಗೆ ಹೇಳಿ. "ಎಲ್ಲಾದರೂ ಕೆಲಸ ಇದ್ದರೆ ನೋಡಿ ಅಣ್ಣಾ" ಎಂದರೆ ಯಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. "ಆರು ವರ್ಷ ಖರೀದಿ ವಿಭಾಗದಲ್ಲಿ ಮಾಡಿದ್ದೀನಿ, ನಿಮ್ಮ ಕಂಪನಿಯಲ್ಲಿ ಆ ಹುದ್ದೆ ಖಾಲಿ ಇದೆ ಅಂತ ನೋಡಿದೆ, ನನ್ನ ಹೆಸರು ಕಳಿಸ್ತೀರಾ?" ಎಂದರೆ ಅವರಿಗೆ ಐದು ನಿಮಿಷದ ಕೆಲಸ. ಸಂದರ್ಶನದಲ್ಲಿ ಖಾಲಿ ತಿಂಗಳುಗಳ ಬಗ್ಗೆ ಕೇಳಿದರೆ ಎರಡು ವಾಕ್ಯ ಸಾಕು: ವಿಭಾಗದಲ್ಲಿ ಕಡಿತವಾಯಿತು, ಈ ನಡುವೆ ಇಂಥದ್ದನ್ನು ಕಲಿತೆ. ಹಳೆಯ ಕಂಪನಿಯನ್ನು ದೂರುವುದು ಬೇಡ.

ಕೇಂದ್ರ ಸರ್ಕಾರ 2015ರಲ್ಲಿ ಶುರುಮಾಡಿದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಸಾಗಣೆ ವೆಚ್ಚ ಎಂದು ಹಣ ಕೇಳಿದರೆ ಅದು ಕೆಲಸವಲ್ಲ. ವಿಡಿಯೊಗೆ ಲೈಕ್ ಕೊಟ್ಟರೆ ದುಡ್ಡು ಎಂದು ಟೆಲಿಗ್ರಾಂನಲ್ಲಿ ಬರುವ "ಪಾರ್ಟ್ ಟೈಮ್" ಕೆಲಸಗಳು ಮೊದಲು ಚಿಲ್ಲರೆ ಕೊಟ್ಟು ನಂಬಿಸಿ, ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತವೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಮೋಸ ಹೋದೆನೆಂಬ ನಾಚಿಕೆಗೆ ಅಲ್ಲಿ ಸಮಯ ಕೊಡಬೇಡಿ.

ಹೊಸ ಕೆಲಸ ಸಿಕ್ಕಾಗ ಹಳೆಯ ಯುಎಎನ್, ಹಳೆಯ ಇಎಸ್‌ಐ ವಿಮಾ ಸಂಖ್ಯೆಯನ್ನೇ ಕೊಡಿ. ಹೊಸದು ಮಾಡಿಸಿದರೆ ಸೇವೆ ಎರಡಾಗಿ ಒಡೆದು ಹತ್ತು ವರ್ಷದ ಎಣಿಕೆಯೂ 78 ದಿನದ ಎಣಿಕೆಯೂ ಕೆಡುತ್ತವೆ. ಯುವನಿಧಿ ಪಡೆಯುತ್ತಿದ್ದರೆ ಕೆಲಸ ಸಿಕ್ಕಿದ್ದನ್ನು ತಿಳಿಸಿ ನಿಲ್ಲಿಸಿ, ಸುಳ್ಳು ಘೋಷಣೆ ಕೊಟ್ಟು ಪಡೆದ ಹಣವನ್ನು ವಸೂಲಿ ಮಾಡುತ್ತಾರೆ. ಇಎಸ್‌ಐ ಪರಿಹಾರವೂ ಸೇರುವ ದಿನದಿಂದ ನಿಲ್ಲುತ್ತದೆ, ಅದಕ್ಕೂ ಹಿಂದಿನ ನಿರುದ್ಯೋಗದ ದಿನಗಳಿಗೆ ಕ್ಲೇಮ್ ಹಾಕಿರದಿದ್ದರೆ ಶಾಖಾ ಕಚೇರಿಯಲ್ಲಿ ಕೇಳಿ. ಮೂರನೇ ತಿಂಗಳ ಸಂಬಳ ಬಂದ ಮೇಲೆ ಪಿಎಫ್ ಪಾಸ್‌ಬುಕ್ ತೆರೆದು, ಹಳೆಯ ಖಾತೆಯ ಹಣ ಹೊಸದಕ್ಕೆ ಬಂದಿದೆಯೇ, ಹೊಸ ಕಂಪನಿ ತಿಂಗಳು ತಿಂಗಳೂ ಕಟ್ಟುತ್ತಿದೆಯೇ ಎಂದು ನೋಡಿಬಿಡಿ.